ಅಪ್ಪನ ತಾಟ ಎತ್ತಿಟ್ಟೀನಿ

ಪಂಚಶೀಲಾ,

ನಾ ಯಾದಗಿರಿಗೆ ಹೊಂಟೀನಿ. ನನ್ನ ವಿಧವಾ ಪಿಂಚಣಿ ನಿಲ್ಲಿಸಿದ್ದಕ್ಕ ಹಾಕಿದ ಮೇಲ್ಮನವಿ ಇವತ್ತ ಎ.ಸಿ. ಸಾಹೇಬ್ರ ಮುಂದ ಬರ್ತದ. ಇಲ್ಲಿ ಮನಿಗೆ ತಾಲೂಕಾ ಕಚೇರಿ ಸಾಹೇಬ್ರು ಮತ್ತ ತನಿಖಿಗೆ ಬಂದ್ರೂ ಬರ್ತಾರ, ನೀ ಸಾಲಿಗೆ ಹೋಗಬ್ಯಾಡ.

ಹೋದ ಸಲ ಅವರು ಬಂದಾಗ ಅಜ್ಜಿ ಮಾಡಿದ್ದು ಗೊತ್ತದಲ್ಲ? ಹೊಳಿ ಪಾಲಾದ ನಿಮ್ಮಪ್ಪನಿಗೆ ತಾಟ ಹಚ್ಚಿಟ್ಟು, "ಕುಂದರ್ರಿ ಸಾಹೇಬ್ರ, ಮಗ ಈಗ ಬರ್ತಾನ" ಅಂದ್ಲು. ಅವರು ಗಂಡ ಇದ್ದಾನ ಅಂತ ಬರಕೊಂಡು ಹೋದ್ರು. ಹೆಣ ಸಿಗಲಿಲ್ಲಲ್ಲ, ಮಗ ಸತ್ತಾನಂತ ಮುದುಕಿ ಇನ್ನೂ ನಂಬವಲ್ಲಳು. ನಮ್ಮ ಹೊಟ್ಟಿ ಮ್ಯಾಲ ಹೊಡದಂಗಾತು.

ನಿಮ್ಮಪ್ಪನ ತಾಟ, ಚಪ್ಪಲಿ ಎರಡೂ ಜ್ವಾಳದ ಚೀಲದ ಹಿಂದ ಇಟ್ಟೀನಿ. ಅಜ್ಜಿ ಅತ್ರೂ ಕೊಡಬ್ಯಾಡ. ಆಕಿ ಮ್ಯಾಲ ಸಿಟ್ಟೂ ಮಾಡಬ್ಯಾಡ, ಬಾಜೂಮನಿ ಗೊಲ್ಲಾಳಮ್ಮನ ಹತ್ರ ಕೂಡಿಸಿ ಬಾ. ಸಾಹೇಬ್ರು ಕೇಳಿದ್ರ, "ಅಪ್ಪ ಇಲ್ರಿ" ಅಂತ ಗಟ್ಟಿಯಾಗಿ ಹೇಳು. ಅಳು ಬಂದ್ರ ಬರ್ಲಿ.

ರೊಟ್ಟಿ ಬುಟ್ಟ್ಯಾಗ ಅದಾವ. ಒಬ್ಬರ ಪಾಲು ಹೆಚ್ಚಿಗಿ ಮಾಡೀನಿ, ಅದನ್ನ ನೀವು ತಿನ್ನಬ್ಯಾಡ್ರಿ. ನಿನ್ನಿ ಸಂಜಿಮುಂದ ಹಿತ್ತಲದಾಗ ನಿಮ್ಮಪ್ಪನ ಕೆಮ್ಮು ನನಗೂ ಕೇಳಿಸ್ತು.

ಸಾಹೇಬ್ರು ಹೋದ ಮ್ಯಾಲ ತಾಟ ತಗದು ಅಂವನ ಜಾಗದಾಗ ಇಡು.

ಅವ್ವ