ಅಂಚು ಕತ್ತರಿಸಿದ ಟೋಸ್ಟ್

ಪೆನಾಂಗ್, ಗುರುವಾರ

ಮಗಳೇ ಗೈಕ್ ಸಿಮ್,

ನಿಮ್ಮಪ್ಪನ ಶವದ ಗಾಡಿ ನನ್ನ ಕಾಫಿ ಅಂಗಡಿ ಮುಂದೆ ನಿಂತಾಗ, ಅವನ ಮೇಜಿನ ಮೇಲೆ ಕಡೇ ಸಲ ಟೋಸ್ಟ್ ಇಟ್ಟೆ, ತೆಂಗಿನಹಾಲಿನ ಕಾಯಾ ಜಾಮ್ ದಪ್ಪಗೆ ಸವರಿ. ಗಾಡಿ ನಿಂತ ಕಡೆಯೆಲ್ಲ "ಅಪ್ಪಾ, ಹೊರಡೋಣ ಬಾ" ಅಂತ ಮಕ್ಕಳು ಕರೆಯಬೇಕು, ಇಲ್ದಿದ್ರೆ ಜೀವ ಅಲ್ಲೇ ಉಳಿಯುತ್ತೆ. ನೀನು ಅಳುತ್ತಾ ಇಲ್ಲಿ ಮರೆತೆ. ಅವನು ಇಲ್ಲೇ ಉಳಿದ.

ದಿನಾ ಬೆಳಿಗ್ಗೆ ಏಳಕ್ಕೆ ಆ ಮೇಜಿನ ಖಾಲಿ ಕುರ್ಚಿಯಿಂದ ದನಿ ಬರುತ್ತೆ: "ಲೋ ಜಿಪುಣ, ಕಾಯಾ ಹಚ್ಚಿದ್ಯೋ, ಬರೀ ತೋರಿಸಿದ್ಯೋ?" ಇಟ್ಟು ತಿರುಗೋಷ್ಟರಲ್ಲಿ ಟೋಸ್ಟಲ್ಲಿ ಒಂದು ಕಡೆ ಕಚ್ಚಿದ ಗುರುತಿರುತ್ತೆ. ನಲವತ್ತು ವರ್ಷದ ಗೆಳೆಯ, ಇರಲಿ ಬಿಡು ಅಂತ ನಿನಗೆ ಬರೆಯಲಿಲ್ಲ.

ಇವತ್ತು ಎರಡು ಪ್ಲೇಟು ಕೇಳಿದ. "ಒಂದರ ಅಂಚು ಕತ್ತರಿಸೋ. ಮೊಮ್ಮಗಳು ಸು ಲಿನ್ ಅಂಚು ತಿನ್ನಲ್ಲ."

ಬ್ರೆಡ್ ಮುಗಿದಿದೆ ಅಂತ ಸುಳ್ಳು ಹೇಳಿದೆ. "ನಾಳೆ ತರಿಸು" ಅಂದ.

ಈ ಪತ್ರ ತಂದ ಬಸ್ಸನ್ನೇ ಹತ್ತಿ ಬಾ. ಊದುಕಡ್ಡಿ ತಂದಿಟ್ಟಿದ್ದೇನೆ. ಬಾಗಿಲಲ್ಲಿ ನಿಂತು ಅಪ್ಪನ್ನ ಗಟ್ಟಿಯಾಗಿ ಕರಿ. ಸು ಲಿನ್‌ನ ಮಾತ್ರ ಕರ್ಕೊಂಡು ಬರಬೇಡ.

ಮಗೂಗೆ ಜ್ವರಗಿರ ಏನೂ ಇಲ್ಲ ತಾನೆ?

ದಾರಿ ಕಾಯುತ್ತಿರುವ,
ಟೆಕ್ ಹುವಾಟ್ ಚಿಕ್ಕಪ್ಪ