ತೆರೆಯದ ಬ್ಯಾಕಪ್ಪೂ ಅಕ್ಕನ ಸರದಿಯೂ

ಮಾನ್ಯ ನಿರ್ದೇಶಕರೇ,

ಮೂತ್ರಪಿಂಡ ಕಸಿಗಾಗಿ ಕಾಯುವವರ ಪಟ್ಟಿಯಲ್ಲಿ ನಾಲ್ಕನೆಯವಳಾಗಿದ್ದ ನನ್ನ ಅಕ್ಕನನ್ನು ತಮ್ಮ ಕಚೇರಿ ಕಳೆದುಹಾಕಿದೆ. ಅಕ್ಕ ಮನೆಯಲ್ಲೇ ಇದ್ದಾಳೆ. ಕಳೆದದ್ದು ಐದು ವರ್ಷ ಕಾದು ಪಡೆದ ಅವಳ ಸರದಿ. ಹೋದ ತಿಂಗಳು ಆ ಪಟ್ಟಿಯಿದ್ದ ತಮ್ಮ ಸರ್ವರ್ ಕೆಟ್ಟಿತು. ಅದು ತಪ್ಪಲ್ಲ. ಮೂವತ್ತು ವರ್ಷ ಲಿಫ್ಟ್ ರಿಪೇರಿ ಮಾಡಿದವನು ನಾನು, ಕೆಡದ ಯಂತ್ರವನ್ನು ಇನ್ನೂ ಕಂಡಿಲ್ಲ. ದಿನವೂ ಪಟ್ಟಿಯ ಬ್ಯಾಕಪ್ ಪ್ರತಿ ತೆಗೆಯಲಾಗಿದೆ, ಯಾರೂ ಗಾಬರಿಯಾಗಬೇಕಿಲ್ಲ ಎಂದು ತಾವು ಅಂದೇ ಹೇಳಿಕೆ ಕೊಟ್ಟಿರಿ. ನಾವು ಗಾಬರಿಯಾಗಲಿಲ್ಲ. ತಮ್ಮ ಮಾತನ್ನು ನಂಬುವಷ್ಟು ದಡ್ಡರಾಗಿದ್ದೆವು.

ಮೂರನೆಯ ದಿನ ಅಕ್ಕನ ಫೈಲು ಹಿಡಿದು ತಮ್ಮ ಎರಡನೇ ಮಹಡಿ ಹತ್ತಿದೆ. ಅಲ್ಲಿನ ಲಿಫ್ಟ್ ಕೂಡ ಕೆಟ್ಟಿತ್ತು. ಆ ಮಾತು ಇಲ್ಲಿ ಬೇಡ. ಡೇಟಾಬೇಸ್ ನೋಡಿಕೊಳ್ಳುವ ಹೆಣ್ಣುಮಗಳು ಕೆಂಪಗಾದ ಕಣ್ಣುಗಳಿಂದ ಪರದೆ ನೋಡುತ್ತ ಕೂತಿದ್ದಳು. ಹಿಂದಿನ ದಿನದ ಪ್ರತಿಯನ್ನು ಹೊಸ ಯಂತ್ರಕ್ಕೆ ಹಾಕಿದ್ದಳು. ಅದು ತೆರೆದುಕೊಳ್ಳಲು ಗುಪ್ತಸಂಖ್ಯೆಯ ಕೀಲಿ ಕೇಳಿತು. ಅದರ ಹಿಂದಿನದೂ ಕೇಳಿತು. ಒಂದೊಂದಾಗಿ ಹಾಕುತ್ತ ಹೋದಳು, ಎಲ್ಲವೂ ಅದನ್ನೇ ಕೇಳಿದವು. ಭದ್ರತೆಗಾಗಿ ಎಂಟು ತಿಂಗಳಿಂದ ಎಲ್ಲ ಪ್ರತಿಗಳಿಗೂ ಬೀಗ ಹಾಕಲು ಆದೇಶಿಸಿದವರು ತಾವು. ಕೀಲಿ ಇದ್ದದ್ದು ಒಂದೇ ಕಡೆ, ಕೆಟ್ಟುಹೋದ ಅದೇ ಸರ್ವರಿನೊಳಗೆ. ಬೀಗದ ಕೈಯನ್ನು ಒಳಗೆ ಮರೆತು ಬಾಗಿಲು ಎಳೆದುಕೊಂಡವರನ್ನು ನಾನು ಕಂಡಿದ್ದೇನೆ. ಎಂಟು ತಿಂಗಳು ತಪ್ಪದೆ ಹಾಗೆ ಮಾಡಿ, ರಿಜಿಸ್ಟರಿನಲ್ಲಿ ‘ಯಶಸ್ವಿ’ ಎಂದು ಬರೆಸಿದವರನ್ನು ಕಂಡದ್ದು ಇದೇ ಮೊದಲು.

“ಮುಂಚೆ ಒಂದ್ಸಲನಾದ್ರೂ ತೆಗೆದು ನೋಡಿದ್ರೆ ಗೊತ್ತಾಗ್ತಿರ್ಲಿಲ್ವೇನಮ್ಮ?” ಎಂದೆ.

“ಹಂಗೆ ನೋಡೋಕೆ ಬೇರೆ ಮಷೀನ್ ಕೊಡಿ ಅಂತ ಮೂರು ಸಲ ಬರೆದಿದೀನಿ ಸರ್. ‘ಎಲ್ಲ ಸರಿಯಾಗಿದೆ, ಅನಗತ್ಯ’ ಅಂತ ವಾಪಸ್ ಬಂತು.”

ಆ ಮೂರೂ ಹಾಳೆಗಳನ್ನು ತೋರಿಸಿದಳು. ಸಹಿ ತಮ್ಮದೇ, ಬಹಳ ಅಂದವಾಗಿದೆ. ಭಾರ ಹೇರಿ ಇಳಿಸಿ, ಬ್ರೇಕು ಹಿಡಿಯುತ್ತದೆಂದು ಕಣ್ಣಾರೆ ಕಾಣದೆ ನಾವು ಲಿಫ್ಟಿಗೆ ಒಂದು ನರಪಿಳ್ಳೆಯನ್ನೂ ಹತ್ತಿಸುವುದಿಲ್ಲ. ತಾವು ಇಡೀ ಊರಿನ ರೋಗಿಗಳನ್ನು ಹತ್ತಿಸಿ, ಬ್ರೇಕು ಇದೆಯೆಂದು ಕಾಗದದಲ್ಲಿ ಓದಿಕೊಂಡು ನಿಶ್ಚಿಂತೆಯಿಂದ ಇದ್ದಿರಿ. ಯಾರ ಜೀವದ ಮೇಲೆ ಈ ನಿಶ್ಚಿಂತೆ, ಸ್ವಾಮಿ?

ಅದೇ ಮಧ್ಯಾಹ್ನ ದಾನಿಯೊಬ್ಬರ ಮೂತ್ರಪಿಂಡ ಬಂತು. ಅಕ್ಕನದೇ ರಕ್ತದ ಗುಂಪು. ಯಾರ ಸರದಿಯೆಂದು ಹೇಳಲು ಪಟ್ಟಿಯೇ ಇಲ್ಲ. ಮೂತ್ರಪಿಂಡ ತಮ್ಮ ಕಡತವಲ್ಲ, ಕಾಯುವುದಿಲ್ಲ. ಬೇರೆ ಊರಿಗೆ ಕಳಿಸಿದರು. ಅಕ್ಕನಿಗೆ ಹೇಳಬೇಕಾದವನು ನಾನು. ಅವಳು ಡಯಾಲಿಸಿಸ್ ಯಂತ್ರದ ಪಕ್ಕ ಮಲಗಿದ್ದಳು.

“ಯಾರೋ ಬದುಕ್ಕೊಂಡ್ರಲ್ಲ, ಇರ್ಲಿ ಬಿಡು. ಆದ್ರೆ ಅದು ನನಗೆ ಬರ್ತಿತ್ತೋ ಇಲ್ವೋ ಅಂತ ಹೇಳೋಕೂ ಯಾರಿಗೂ ಗೊತ್ತಿಲ್ವಲ್ಲೋ.”



ಆ ಹೆಣ್ಣುಮಗಳು ಕೈಕಟ್ಟಿ ಕೂರಲಿಲ್ಲ. ಬೀಗದ ಆದೇಶಕ್ಕೂ ಮೊದಲು ತೆಗೆದಿದ್ದ ಒಂದು ಪ್ರತಿ ಹಳೆಯ ಯಂತ್ರವೊಂದರಲ್ಲಿ ಉಳಿದಿತ್ತು. ಅದು ತೆರೆದುಕೊಂಡಿತು. ನಂತರದ ಎಂಟು ತಿಂಗಳ ವಿವರಗಳನ್ನು ಆಸ್ಪತ್ರೆಗಳ ಕಾಗದದ ರಿಜಿಸ್ಟರುಗಳಿಂದ, ದಾದಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹನ್ನೊಂದು ದಿನ ತುಂಬಿದಳು. ಅಕ್ಕ ಮತ್ತೆ ನಾಲ್ಕನೆಯವಳಾದಳು.

ತಾವು ಮಾಡಿದ್ದೇನು? ‘ಅನಧಿಕೃತ ಪ್ರತಿ’ ಬಳಸಿದ್ದಕ್ಕೆ ಆ ಹೆಣ್ಣುಮಗಳಿಗೆ ನೋಟಿಸು. ಅವಳು ಕಟ್ಟಿದ ಪಟ್ಟಿ ರದ್ದು, ನಮಗೆಲ್ಲ ಹೊಸ ಅರ್ಜಿ. ಮೊದಲು ಬಂದವರಿಗೆ ಮೊದಲ ಸ್ಥಾನ. ಮೂತ್ರಪಿಂಡ ಕೆಟ್ಟವರಿಗೆ ಓಟದ ಪಂದ್ಯ ಏರ್ಪಡಿಸಿದ ಕೀರ್ತಿ ತಮಗೇ ಸಲ್ಲಬೇಕು. ಡಯಾಲಿಸಿಸ್ ಮುಗಿಸಿ ನನ್ನ ತೋಳು ಹಿಡಿದು ಬಂದ ಅಕ್ಕನಿಗೆ ಅರವತ್ತಮೂರನೆಯ ಸ್ಥಾನ ಸಿಕ್ಕಿತು.

ಆ ಆದೇಶವನ್ನೂ ನೋಟಿಸನ್ನೂ ಹಿಂತೆಗೆದುಕೊಳ್ಳಿ. ಆ ಹೆಣ್ಣುಮಗಳು ಕಟ್ಟಿದ ಪಟ್ಟಿಯನ್ನೇ ಜಾರಿಗೆ ತನ್ನಿ. ತಿಂಗಳಿಗೊಮ್ಮೆ ಒಂದು ಪ್ರತಿಯನ್ನು ಬೇರೆ ಯಂತ್ರದಲ್ಲಿ, ನಮ್ಮ ಕಣ್ಣೆದುರೇ ತೆರೆಸಿ. ಆಗದು ಎನ್ನುವುದಾದರೆ ಹಿಂಬರಹ ಬೇಡ. ಸೋಮವಾರ, ಬುಧವಾರ, ಶುಕ್ರವಾರ ಬೆಳಿಗ್ಗೆ ಅಕ್ಕ ಡಯಾಲಿಸಿಸ್ ವಾರ್ಡಿನ ಕೊನೆಯ ಹಾಸಿಗೆಯಲ್ಲಿರುತ್ತಾಳೆ. ಬಂದು, ಅವಳ ಮುಖ ನೋಡಿ, ಬಾಯಿಬಿಟ್ಟು ಹೇಳಿ.

ಇಂತಿ,
ತಮ್ಮ ದಾಖಲೆಗಳ ಪ್ರಕಾರ ಅರವತ್ತಮೂರನೆಯವಳಾದ ಅಕ್ಕನ ತಮ್ಮ