ಟ್ಯಾಂಕಿ ತುಂಬಿಯೇ ಇತ್ತು

ಮದೀನತ್ ಜಾಯೆದ್
೨೪ ಆಗಸ್ಟ್ ೨೦೨೫

ಪ್ರೀತಿಯ ಲೋಲಾಕ್ಷಿ,

ನೀನು, ಅಮ್ಮ, ಅಕ್ಷಿತಾ ಎಲ್ಲ ಸೌಖ್ಯವಾಗಿದ್ದೀರಿ ತಾನೆ? ಊರಿಂದ ಗಲ್ಫಿಗೆ ವಾಪಸು ಬಂದ ಮೇಲೆ ಸರಿಯಾಗಿ ಒಂದು ಫೋನೂ ಮಾಡಲಿಲ್ಲ ಎಂದು ನಿನಗೆ ಸಿಟ್ಟು ಬಂದಿರುತ್ತದೆ. ಬೈದುಕೋ, ತಪ್ಪು ನನ್ನದೇ. ಹೇಳೋಣವೆಂದರೆ ಮಗಳು ಫೋನಿನ ಸ್ಪೀಕರ್ ಹಾಕಿ ಪಕ್ಕದಲ್ಲೇ ಕೂತಿರುತ್ತಾಳೆ. ಹಾಗಾಗಿ ರೂಮಿನ ಆಶ್ಲೆ ರಜೆಯಲ್ಲಿ ಹೊರಟದ್ದೇ ತಡ, ಅವನ ಕೈಯಲ್ಲಿ ಕಾಗದ ಕಳಿಸುತ್ತಿದ್ದೇನೆ. ಅಕ್ಷರ ನೋಡಿ ನಗಬೇಡ ಮಾರಾಯ್ತಿ.

ಅನ್ಸಿಫ್ ತೀರಿಹೋದ.

ಅದೇ, ಮಂಜೇಶ್ವರದವನು, ಮರಳುಗಾಡಿನ ತೋಟದಲ್ಲಿ ಒಬ್ಬನೇ ಕಾವಲಿಗಿದ್ದವನು. ಅಲ್ಲಿ ಕರೆಂಟಿಲ್ಲ. ನನ್ನ ಟ್ಯಾಂಕರಿನ ಡೀಸೆಲ್ ಮುಟ್ಟಿದರೆ ಜನರೇಟರ್, ಜನರೇಟರ್ ಓಡಿದರೆ ಏಸಿ, ನೀರು. ಗೇಟಿನಲ್ಲಿ ಹಾರ್ನ್ ಹೊಡೆದರೆ ಸಾಕು, "ಬನ್ನಿ ಸೇಸಪ್ಪಣ್ಣ, ಚಾ ಇಟ್ಟೆ" ಎಂದು ತುಳುವಿನಲ್ಲೇ ಕೂಗುತ್ತಿದ್ದ. ಅವನ ಚಾ ಎಂದರೆ ಬರೀ ಸಕ್ಕರೆ ಪಾಕ. ಆದರೂ ಕುಡಿಯುತ್ತಿದ್ದೆ. ವಾರವಿಡೀ ಅವನಿಗೆ ಮಾತಿಗೆ ಸಿಗುತ್ತಿದ್ದದ್ದು ನಾನೊಬ್ಬನೇ.

ಆಟಿ ತಿಂಗಳಲ್ಲಿ ನಾನು ಹತ್ತು ದಿನ ಊರಿಗೆ ಬಂದಾಗ ನನ್ನ ಗಾಡಿ ಓಡಿಸಿದ್ದು ಶಿರ್ವದ ಕ್ಯಾಮಿಲಸ್. ನಮ್ಮ ಕೆಲಸದಲ್ಲೊಂದು ರೂಢಿ ಉಂಟು. ಡೀಸೆಲ್ ಹಾಕುವ ಮೊದಲು ಜನರೇಟರಿನ ಟ್ಯಾಂಕಿಯ ಹೊರಮೈಗೆ ಅಂಗೈ ಇಡುವುದು. ಡೀಸೆಲ್ ಇರುವಷ್ಟು ಎತ್ತರ ತಣ್ಣಗಿರುತ್ತದೆ, ಖಾಲಿ ಇದ್ದಲ್ಲಿ ಕೈ ಸುಡುತ್ತದೆ. ಮೇಲಿನವರೆಗೂ ತಣ್ಣಗಿದ್ದರೆ ಖಲಾಸ್, ಮುಂದಿನ ಜಾಗಕ್ಕೆ ಹೊರಡುವುದು. ಅವನೂ ಅದನ್ನೇ ಮಾಡಿದ. ಟ್ಯಾಂಕಿ ತುಂಬಿತ್ತು, ಜನರೇಟರ್ ಸದ್ದಿರಲಿಲ್ಲ. ಬೇಸಿಗೆಯೆಂದು ಕಾವಲಿನವನನ್ನು ಊರಿಗೆ ಕಳಿಸಿರಬೇಕು ಎಂದುಕೊಂಡು ಹೊರಟುಬಿಟ್ಟ. ಟ್ಯಾಂಕಿ ತುಂಬಿಯೇ ಇದೆ ಎಂದರೆ ಜನರೇಟರ್ ಓಡಿಸುವವನಿಗೇ ಏನೋ ಆಗಿದೆ ಎಂದು ಯಾರಿಗೆ ಹೊಳೆಯುತ್ತದೆ ಹೇಳು? ನಾನಿದ್ದರೂ ಕೈಯಿಟ್ಟು ಹೊರಡುತ್ತಿದ್ದೆ.

ವಾಪಸು ಬಂದ ಮೇಲೆ ಮೊದಲ ಟ್ರಿಪ್ಪಿಗೆ ಹೋದವನು ನಾನು. ಹಾರ್ನ್ ಹೊಡೆದೆ, ಯಾರೂ ಕೂಗಲಿಲ್ಲ. ಒಳಗೆ ಹೋಗಿ ನೋಡಿದವನೂ ನಾನೇ. ಮಂಚದ ಮೇಲೆ ಮಲಗಿದಲ್ಲೇ ಹೋಗಿದ್ದ. ಕ್ಯಾಮಿಲಸ್ ಅಲ್ಲಿಗೆ ಬರುವ ಮೊದಲೇ, ನಿದ್ದೆಯಲ್ಲಿ, ಹಾರ್ಟ್ ನಿಂತುಹೋಗಿದೆ ಎಂದು ಡಾಕ್ಟರು ಹೇಳಿದರು.

ಕ್ಯಾಮಿಲಸ್ ಊಟ ಬಿಟ್ಟಿದ್ದಾನೆ. ಅಂಗೈ ನೋಡಿಕೊಂಡು ಕೂತಿರುತ್ತಾನೆ. "ಅಣ್ಣ, ನಾನು ಹೋದಾಗ ಅವನಿಗೆ ಜೀವ ಇತ್ತಾ? ಸತ್ಯ ಹೇಳಿ ಮಾರಾಯ್ರೆ" ಎಂದು ಒಂದೇ ಪ್ರಶ್ನೆ. "ಇಲ್ಲ ಮಾರಾಯ, ಎಷ್ಟು ಸಲ ಹೇಳುವುದು? ನೀನು ಬಾಗಿಲು ಒಡೆದು ಹೋಗಿದ್ದರೂ ಸಿಗುತ್ತಿದ್ದದ್ದು ಹೆಣವೇ" ಎಂದು ಗದರಿದೆ. ತಲೆಯಾಡಿಸುತ್ತಾನೆ, ಮತ್ತೆ ಕೇಳುತ್ತಾನೆ. ಅವನನ್ನು ರೂಮಿನಲ್ಲಿ ಒಬ್ಬನೇ ಬಿಡಲು ನಮಗೆ ಧೈರ್ಯ ಬರುವುದಿಲ್ಲ. ಅವನ ಹೆಂಡತಿ ಡೆಲ್ಫಿನ್ ಫೋನಿನಲ್ಲಿ ನನ್ನ ಹತ್ತಿರ ಅತ್ತಳು. ಮೊನ್ನೆ ಅವನು ಗಾಡಿಯ ಕೀ ಮೇಜಿನ ಮೇಲಿಟ್ಟು, "ಇನ್ನು ನನ್ನಿಂದ ಆಗ್ಲಿಕ್ಕಿಲ್ಲ" ಎಂದ. ವೀಸಾ ಕ್ಯಾನ್ಸಲ್ ಮಾಡಿಸಿ ಊರಿಗೆ ಬರುತ್ತಿದ್ದಾನೆ.

ಬರುವ ಭಾನುವಾರ ಇಗರ್ಜಿಯ ಪೂಜೆ ಮುಗಿಸಿ ನಮ್ಮ ಮನೆಗೆ ಬರುತ್ತಾನೆ. ಬಂಗುಡೆ ಸಾರು ಮಾಡಿ ಉಣಿಸು. ಅವನ ತಪ್ಪು ಎಳ್ಳಷ್ಟೂ ಇಲ್ಲ ಎಂದು ನೀನೂ ಹೇಳು.

ಅಮ್ಮನ ಕಾಲಿಗೆ ನನ್ನ ನಮಸ್ಕಾರ. ಅಕ್ಷಿತಾ ಚೆನ್ನಾಗಿ ಓದಿ ನೂರು ಕಾಲ ಬಾಳಲಿ. ನಿನ್ನನ್ನು ದೇವರು ತಣ್ಣಗಿಟ್ಟಿರಲಿ.

ನಿನ್ನ
ಸೇಸಪ್ಪ

ಮತ್ತೆ: ಇದನ್ನು ಬೇಕೆಂದೇ ಬೇರೆ ಹಾಳೆಯಲ್ಲಿ ಬರೆದಿದ್ದೇನೆ. ಓದಿ ಒಲೆಗೆ ಹಾಕು. ಕ್ಯಾಮಿಲಸ್ ಬಂದಾಗ ಆ ಮೊದಲಿನ ಕಾಗದವನ್ನು ಅವನ ಕೈಗೇ ಕೊಡು. ನಾನು ಹೆಂಡತಿಗೆ ಬರೆದದ್ದೆಂದರೆ ನಂಬುತ್ತಾನೆ, ಬದುಕಿಕೊಳ್ಳುತ್ತಾನೆ. ಅದಕ್ಕೇ ಹಾಗೆ ಬರೆದೆ. ನಿನಗೆ ಮಾತ್ರ ಸುಳ್ಳು ಹೇಳಲಾರೆ. ಡಾಕ್ಟರು ನಿಜಕ್ಕೂ ಹೇಳಿದ್ದು ಬೇರೆ: ಅನ್ಸಿಫ್ ಸತ್ತದ್ದು ಕ್ಯಾಮಿಲಸ್ ಬಂದುಹೋದ ಮರುದಿನ, ಜ್ವರದಲ್ಲಿ, ಆ ಸೆಕೆಯಲ್ಲಿ. ಮಂಚದ ಮೇಲಲ್ಲ, ಬಾಗಿಲ ಹತ್ತಿರ ಬಿದ್ದಿದ್ದ. ಒಂದು ಕಾಲಿಗೆ ಚಪ್ಪಲಿ ಮೆಟ್ಟಿಕೊಂಡಿದ್ದ. ಗಾಡಿಯ ಸದ್ದು ಕೇಳಿ ಎದ್ದಿದ್ದಾನೆ ಲೋಲಾಕ್ಷಿ. ನಾನು ರಜೆಯಲ್ಲಿರುವುದು ಅವನಿಗೆ ಗೊತ್ತಿರಲಿಲ್ಲ, ಅವಸರದಲ್ಲಿ ಹೇಳದೆ ಬಂದಿದ್ದೆ. ಅದು ನನ್ನ ಗಾಡಿಯ ಸದ್ದು. ಸೇಸಪ್ಪಣ್ಣ ಬಂದು, ತನ್ನನ್ನು ಕರೆಯದೆ ಹೋಗಿಬಿಟ್ಟ ಎಂದುಕೊಂಡೇ ಅವನು ಸತ್ತ.